ಊರಿನ ಊಟ, ಪಾದ್ರಿಯ ಕಾಲು

ನಮ್ಮ ದ್ವೀಪದ ಹೆಸರು ಸವಾಯಿ. ಹೆಸರಿಗೆ ತಕ್ಕ ಹಾಗೆ ಇಲ್ಲಿ ಎಲ್ಲವೂ ಒಂದೂ ಕಾಲು. ಪಕ್ಕದ ಮನೆಯವರು ಒಂದು ಹಂದಿ ಸುಟ್ಟರೆ ನಾವು ಒಂದೂ ಕಾಲು ಹಂದಿ ಸುಡಬೇಕು. ಬರೀ ಕಾಲು ಹಂದಿಯನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂದು, ಮರ್ಯಾದೆಗೆ ಇನ್ನೊಂದು ಇಡೀ ಹಂದಿಯೇ ಹೋಗುತ್ತದೆ. ಇಂಥ ಊರಿನಲ್ಲಿ ನಮ್ಮ ಪಾದ್ರಿ ಒಪೆಟಾಯಾ ಅವರಿಗೆ ಮಾತ್ರ ಒಂದೇ ಕಾಲು ಉಳಿಯುವ ಕಾಲ ಬಂದಿತ್ತು. ಎರಡನೆಯದನ್ನು ಉಳಿಸುತ್ತೇನೆಂದು ಹೊರಟವಳು ಡಾಕ್ಟರ್ ಲುಪೆಸೀನಾ. ಆಕೆ ಹಿಡಿದ ದಾರಿ ವೈದ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲ. ಇರಲೂ ಬಾರದು.

ಲುಪೆಸೀನಾ ಇದೇ ಸಾಲೆಪುವಾ ಊರಿನವಳು. ಅವಳಪ್ಪ ದಾರಿಬದಿಯ ಬೇಕರಿಯಲ್ಲಿ, ಸಕ್ಕರೆ ಕರಗಿಸಿದ ತೆಂಗಿನಹಾಲಿನಲ್ಲಿ ಬನ್ನು ಮುಳುಗಿಸಿ ಬೇಯಿಸಿ ಮಾರುತ್ತಿದ್ದ. ಆ ಬನ್ನು ತಿಂದು ಅರ್ಧ ಊರಿಗೆ ಸಕ್ಕರೆ ಕಾಯಿಲೆ ಬಂತು. ಆ ಬನ್ನಿನ ದುಡ್ಡಿನಲ್ಲಿ ಓದಿ ಮಗಳು ಸಕ್ಕರೆ ಕಾಯಿಲೆಯ ಡಾಕ್ಟರಾದಳು. ಒಂದೇ ಮನೆಯವರು ಎರಡು ತುದಿಯಲ್ಲೂ ಅಂಗಡಿ ಇಟ್ಟರು ಎಂದು ಊರು ಆಡಿಕೊಂಡಿತು. ಆಡಿಕೊಳ್ಳುತ್ತ ಬಾಯಿ ಒಣಗಿತೆಂದು ಇನ್ನೊಂದು ಬನ್ನು ತಿಂದಿತು.

ಸಮುದ್ರದಾಚೆಯ ಸುವಾ ಪಟ್ಟಣದಲ್ಲಿ ಓದಿ, ಆಕ್ಲೆಂಡಿನಲ್ಲಿ ಬಹಳ ವರ್ಷ ದುಡಿದು, ಅಲ್ಲೇ ಒಬ್ಬನನ್ನು ಕಟ್ಟಿಕೊಂಡು, ಬಿಟ್ಟು, ನಲವತ್ತು ದಾಟಿದ ಮೇಲೆ ಅವಳು ನಮ್ಮ ದವಾಖಾನೆಗೆ ಬಂದು ಕೂತಳು. ಬರುವಾಗ ಎರಡು ಪೆಟ್ಟಿಗೆ ಸಾಮಾನನ್ನೂ ಒಂದು ದೊಡ್ಡ ಮಾತನ್ನೂ ತಂದಿದ್ದಳು. ಸಾಮಾನು ಹಡಗಿನಲ್ಲಿ ಕಳೆಯಿತು. ಮಾತು ಉಳಿಯಿತು. "ನಾನು ಕಾಯಿಲೆಗೆ ಮದ್ದು ಕೊಡೋಳಲ್ಲ. ಇಡೀ ಮನುಷ್ಯನಿಗೆ ಕೊಡೋಳು."

ಊರ ಹಿರಿಯ ಯಜಮಾನ ವೈಫಾಲೆ, ತೂಕದ ಯಂತ್ರಕ್ಕೇ ಏದುಸಿರು ಬರಿಸುವಂಥವನು, ಇದನ್ನು ಕೇಳಿ ಹೊಟ್ಟೆ ಸವರಿಕೊಂಡ.

"ಇಡೀ ಮನುಷ್ಯನಿಗಾ? ಹಾಗಾದ್ರೆ ನನ್ನ ಪಾಲಿನ ಮದ್ದು ಬೇರೆ ಹಡಗಲ್ಲೇ ಬರ್ಬೇಕು ಬಿಡಮ್ಮ."

ಮೊದಮೊದಲು ಅವಳ ಪದ್ಧತಿ ಎಲ್ಲರಿಗೂ ರುಚಿಸಿತು. ಕೆಮ್ಮು ಎಂದು ಹೋದರೆ ನಾಲಗೆ ನೋಡುತ್ತಿರಲಿಲ್ಲ. ಅಣ್ಣನ ಹತ್ತಿರ ಮಾತಾಡ್ತೀಯಾ, ಬ್ರೆಡ್‌ಫ್ರೂಟಿನ ಮರ ಯಾರ ಪಾಲಿಗೆ ಹೋಯಿತು, ನಿದ್ದೆ ಬರೋ ಮುಂಚೆ ಯಾರಿಗೆ ಶಾಪ ಹಾಕ್ತೀಯಾ ಎಂದು ಕೇಳುತ್ತಿದ್ದಳು. ನಮ್ಮ ದವಾಖಾನೆಗೆ ಕಂಬಗಳಿವೆ, ಗೋಡೆಗಳಿಲ್ಲ. ಗುಟ್ಟಿಗೆ ಬೆನ್ನು ಒರಗಿಸಲು ಜಾಗವೇ ಇಲ್ಲ. ಒಳಗೆ ರೋಗಿ ಅಣ್ಣನ ಮೇಲೆ ಚಾಡಿ ಹೇಳುತ್ತಿದ್ದರೆ, ಸಾಲಿನಲ್ಲಿ ಕೂತ ಅಣ್ಣನ ಹೆಂಡತಿ, "ಸುಳ್ಳು ಬೊಗಳ್ಬೇಡ, ಆ ಮರ ನಮ್ಮ ಮಾವಂದು," ಎಂದು ಅಲ್ಲಿಂದಲೇ ರೋಗನಿದಾನಕ್ಕೆ ಕೈ ಹಾಕುತ್ತಿದ್ದಳು. ಜಗಳವಾಡಲು ಇಷ್ಟು ಒಳ್ಳೆಯ ಸರ್ಕಾರಿ ಜಾಗ ಇನ್ನೆಲ್ಲೂ ಇರಲಿಲ್ಲ. ಆರೋಗ್ಯವಾಗಿದ್ದವರೂ ಬರತೊಡಗಿದರು. ಲುಪೆಸೀನಾ ಇದನ್ನು ತನ್ನ ಪದ್ಧತಿಯ ಗೆಲುವು ಎಂದುಕೊಂಡಳು. ಓದಿದವರಿಗೆ ಜನ ಸೇರಿದರೆ ಸಾಕು, ಯಾಕೆ ಸೇರಿದರು ಎಂದು ಕೇಳುವ ಅಭ್ಯಾಸವಿಲ್ಲ.

ಹೀಗಿರುವಾಗ ಪಾದ್ರಿಯ ಪಾದ ಕೆಟ್ಟಿತು.

ಚರ್ಚಿನ ಹೊಸ ಸಭಾಮಂದಿರದ ಆರಂಭಕ್ಕೆಂದು ಯಾರೋ ಅವರಿಗೆ ಚರ್ಮದ ಬೂಟು ಕೊಟ್ಟಿದ್ದರು. ಬಿಳಿ ಅಂಗಿ, ಬಿಳಿ ಲುಂಗಿ, ಕೆಳಗೆ ಕಲ್ಲಿನಂಥ ಕರಿ ಬೂಟು. ಬೆಳಗಿಂದ ಸಂಜೆವರೆಗೆ ಭಾಷಣಗಳು. ನಮ್ಮ ಭಾಷಣಕಾರರು ದೇವರು ಲೋಕವನ್ನು ಸೃಷ್ಟಿಸಿದ್ದನ್ನು ಹೇಳಲು ದೇವರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ. ಬೂಟು ಬಿಚ್ಚಿದಾಗ ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ. ಗುಳ್ಳೆ ಹುಣ್ಣಾಯಿತು. ಹುಣ್ಣು ಒಣಗಲಿಲ್ಲ. ನಾಲ್ಕು ಜನರ ಮುಂದೆ ಕಾಲು ಚಾಚುವುದು ನಮ್ಮಲ್ಲಿ ಅವಮರ್ಯಾದೆ, ಚಾಚಲೇಬೇಕಾದರೆ ಮೇಲೊಂದು ಚಾಪೆ ಹೊದಿಸಬೇಕು. ಪಾದ್ರಿ ಚಾಪೆ ಹೊದಿಸಿ ಕೂತರು. ಮುಚ್ಚಿದ ಹುಣ್ಣು ಊರಿಗೆ ಸುದ್ದಿಯಲ್ಲ. ವಾಸನೆ ಬಂದಾಗಲೇ ಸುದ್ದಿಯಾದದ್ದು.

ಲುಪೆಸೀನಾ ಅವರನ್ನು ಹಡಗು ಹತ್ತಿಸಿ ಸಮುದ್ರದಾಚೆ ರಾಜಧಾನಿಯ ಸರ್ಜನ್ ಬಳಿಗೆ ಕರೆದೊಯ್ದಳು. ಆತ ಕಡಿಮೆ ಮಾತಿನ ಮನುಷ್ಯ. ರಕ್ತದ ಸಕ್ಕರೆ ನೋಡಿದ, ಹುಣ್ಣು ನೋಡಿದ, ಗೋಡೆಯ ಕ್ಯಾಲೆಂಡರು ನೋಡಿದ.

"ಅಕ್ಟೋಬರಿನ ಮಕ್ಕಳ ಹಬ್ಬ, ಬಿಳಿ ಭಾನುವಾರದವರೆಗೆ ಕಾಯ್ತೀನಿ. ಅಷ್ಟರಲ್ಲಿ ಸಕ್ಕರೆ ಇಳಿದು ಹುಣ್ಣು ಒಣಗಿದ್ರೆ ಸರಿ. ಇಲ್ದಿದ್ರೆ ಮಂಡಿಯಿಂದ ಕೆಳಗೆ ತೆಗೀಬೇಕು."

ಪಾದ್ರಿ ಮಂಡಿ ಹಿಡಿದುಕೊಂಡರು. ಅವರು ಕೇಡಿಲ್ಲದ ಮನುಷ್ಯ. ಅವರಲ್ಲಿದ್ದ ಒಂದೇ ಪಾಪವೆಂದರೆ ಬೇಡ ಎನ್ನಲು ಬಾರದಿದ್ದದ್ದು. ಎಲ್ಲ ಪಾಪಗಳನ್ನೂ ಬೇಡ ಎನ್ನಲು ಮೂವತ್ತು ವರ್ಷ ನಮಗೆ ಉಪದೇಶ ಮಾಡಿದವರಿಗೆ ಒಂದು ತಟ್ಟೆಯನ್ನು ಬೇಡ ಎನ್ನಲು ಬರುತ್ತಿರಲಿಲ್ಲ.

ಬರುವಂತೆಯೂ ಇರಲಿಲ್ಲ ಅನ್ನಿ. ನಮ್ಮಲ್ಲಿ ಪಾದ್ರಿಯ ಮನೆಯ ಒಲೆ ಉರಿಯುವುದಿಲ್ಲ. ಊರಿನ ಮನೆಗಳು ಸರದಿಯ ಮೇಲೆ ಸಂಜೆಯ ಊಟ ಹೊತ್ತು ತರುತ್ತವೆ. ತಂದವರು ಇಟ್ಟು ಹೋಗುವುದಿಲ್ಲ. ಬೀಸಣಿಗೆ ಹಿಡಿದು ಎದುರಿಗೆ ಕೂರುತ್ತಾರೆ. ಬೀಸುವುದು ನೊಣಕ್ಕೆ, ನೋಡುವುದು ಬಾಯಿಗೆ. ಯಾವುದು ಎಷ್ಟು ಖಾಲಿಯಾಯಿತೆಂಬ ವರದಿ ಪಾದ್ರಿ ಕೈ ತೊಳೆಯುವ ಮುಂಚೆ ಊರು ಮುಟ್ಟಿರುತ್ತದೆ. ನಿನ್ನೆಯ ಮನೆಯವರದು ಅರ್ಧ ಉಳಿಯಿತಂತೆ ಎಂಬ ಮಾತಿಗಿಂತ ಸಿಹಿಯಾದದ್ದು ಇವತ್ತಿನ ಮನೆಯವರಿಗೆ ಇಲ್ಲ. ಪ್ರೀತಿ ಇಲ್ಲವೆನ್ನಲಾರೆ. ಅಕ್ಕರೆ ಇತ್ತು. ಅಕ್ಕರೆಯೇ ಸಕ್ಕರೆಯಾಗಿ ಆ ಮನುಷ್ಯನ ಕಾಲಿಗೆ ಇಳಿದಿತ್ತು.

ಹಡಗಿನಿಂದ ಇಳಿದ ಸಂಜೆಯೇ ಲುಪೆಸೀನಾ ಪಾದ್ರಿಗೆ ಪಥ್ಯ ವಿಧಿಸಿದಳು. ಹಂದಿ ಬೇಡ, ಡಬ್ಬಿ ಮಾಂಸ ಬೇಡ, ತೆಂಗಿನಹಾಲು ಬೇಡ, ಸಕ್ಕರೆ ಸುರಿದ ಕೋಕೋ ಅಂತೂ ಬೇಡವೇ ಬೇಡ. ಬೇಯಿಸಿದ ಮೀನು, ಸೊಪ್ಪು, ಒಂದು ಸಣ್ಣ ಕೆಸುವಿನ ಗೆಡ್ಡೆ. ಪಾದ್ರಿ ತಲೆಯಾಡಿಸಿದರು. ಆ ದಿನ ವೈಫಾಲೆ ಮನೆಯ ಸರದಿ. ಮರಿಹಂದಿ ಬಂದಿತ್ತು, ಕಿವಿ ಕೂಡ ಗರಿಗರಿಯಾಗಿತ್ತು. ಪಾದ್ರಿ ಜೀವನದಲ್ಲಿ ಮೊದಲ ಸಲ ಕಣ್ಣು ಮುಚ್ಚಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಬೆಳಗಾಗೆದ್ದು ಪಾದ್ರಿಯ ಹೆಂಡತಿ ರಾಸೇಲಾ ಅಂಗಳ ಗುಡಿಸಲು ಬಂದರೆ ಅಂಗಳದ ನಡುವೆ ಒಂದು ಗುಡ್ಡ. ಗುಡ್ಡದ ಮೇಲೆ ಮನೆತನದ ನುಣುಪು ಚಾಪೆ. ಕೆಳಗೆ ತಲೆ ಬಗ್ಗಿಸಿ ಕೂತ ವೈಫಾಲೆ. ಹೀಗೆ ಚಾಪೆ ಹೊದ್ದು ಬಂದು ಕೂರುವುದು ಕೊಲೆಯಂಥ ಅಪರಾಧಕ್ಕೆ. ಕೊಂದವನ ಕಡೆಯವರು ಸತ್ತವನ ಮನೆಯ ಮುಂದೆ ಕೂತು, ಬೇಕಾದರೆ ನಮ್ಮ ತಲೆ ತೆಗೆಯಿರಿ, ಇಲ್ಲವೇ ಚಾಪೆ ಎತ್ತಿ ಕ್ಷಮಿಸಿರಿ ಎಂದು ಕೇಳುವ ಪದ್ಧತಿ. ನಮ್ಮೂರಲ್ಲಿ ಅದನ್ನು ಹಂದಿಗಾಗಿ ಕೇಳಿದರು.

"ಏಳ್ರೀ ವೈಫಾಲೆ, ಏನಿದು ಅವತಾರ?" ರಾಸೇಲಾ ಪೊರಕೆ ಹಿಡಿದೇ ಕೇಳಿದಳು.

"ಏನು ತಪ್ಪಾಯ್ತು ಹೇಳಿ ಅಮ್ಮಾವ್ರೆ," ಚಾಪೆಯೊಳಗಿಂದ ದನಿ ಬಂತು. "ಉಪ್ಪು ಜಾಸ್ತಿ ಆಯ್ತಾ? ಹಂದಿ ಬಲಿತಿತ್ತಾ? ಅಯ್ಯನೋರು ಬಾಯಿಗೇ ಇಡ್ಲಿಲ್ವಂತೆ. ನನ್ನ ಮಕ್ಕಳು ಊರಲ್ಲಿ ಮುಖ ಎತ್ತೋ ಹಾಗಿಲ್ಲ."

"ಅವ್ರಿಗೆ ಕಾಲು ಕೊಳೀತಿದೆ. ಉಪ್ಪೂ ಇಲ್ಲ, ನಿಮ್ಮ ತಲೇನೂ ಇಲ್ಲ."

"ಕಾಲಿಗೂ ಬಾಯಿಗೂ ಏನಮ್ಮ ಸಂಬಂಧ? ಎರಡೂ ಎಷ್ಟು ದೂರ ಇವೆ!"

ಬಿಸಿಲೇರಿದರೂ ಗುಡ್ಡ ಕದಲಲಿಲ್ಲ. ಕೊನೆಗೆ ಪಾದ್ರಿ ಕುಂಟುತ್ತ ಬಂದು ಚಾಪೆ ಎತ್ತಿದರು. ಕ್ಷಮಿಸಿದ್ದಕ್ಕೆ ಗುರುತು ಬೇಡವೇ? ಉಳಿದಿದ್ದ ಹಂದಿಯನ್ನು ಬಿಸಿ ಮಾಡಿ ತರಲಾಯಿತು. ತಿಂಡಿಯ ಹೊತ್ತಿಗೇ ತಿಂದರು.

ಲುಪೆಸೀನಾ ಮಧ್ಯಾಹ್ನ ಬಂದು ರಕ್ತ ನೋಡಿ ಸೂಜಿಯನ್ನು ನೆಲಕ್ಕೆಸೆದಳು.

"ಪಾದ್ರಿಗಳೇ, ನಿಮ್ಗೆ ಕಾಲು ಬೇಕೋ, ವೈಫಾಲೆ ಬೇಕೋ?"

"ನಾನೇನು ಮಾಡ್ಲಿ ಡಾಕ್ಟ್ರಮ್ಮ? ನಾನು ತಿನ್ನೋದಲ್ಲ, ಊರು ತಿನ್ನಿಸೋದು."

ಆ ಮಾತು ಅವಳಿಗೆ ತಾಗಿತು. ಅವಳ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಬೆಂಬಲ ಬೇಕಿರಲಿಲ್ಲ. ಹುಣ್ಣು ಇರುವುದು ಕಾಲಿನಲ್ಲಲ್ಲ, ತಟ್ಟೆಯಲ್ಲಿ. ತಟ್ಟೆ ಊರಿನದು. ಹಾಗಾದರೆ ರೋಗಿ ಪಾದ್ರಿಯಲ್ಲ, ಊರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನಾವು ದಡ್ಡತನ ಎನ್ನುತ್ತೇವೆ. ಆಕ್ಲೆಂಡಿನಲ್ಲಿ ಅದಕ್ಕೆ ಸಮಗ್ರ ಚಿಕಿತ್ಸೆ ಎನ್ನುತ್ತಾರಂತೆ.

ಬರೆ ಹಾಕಲು ಅವಳು ಯಜಮಾನರ ಸಭೆಗೆ ಹೋದಳು. ಒಬ್ಬೊಬ್ಬ ಯಜಮಾನನೂ ತನ್ನ ತನ್ನ ಕಂಬಕ್ಕೆ ಒರಗಿ ಕೂತಿದ್ದ. ಕಂಬಗಳ ಪುಣ್ಯ, ಅವು ಹಳೆಯ ಕಾಲದ ಮರದವು. ಕಾವಾ ಬೇರಿನ ಕಷಾಯ ಒಂದು ಸುತ್ತು ಬಂತು. ಲುಪೆಸೀನಾ ಚಿತ್ರ ತೋರಿಸಿದಳು, ಕೊಳೆತ ಬೆರಳುಗಳನ್ನೂ ಕತ್ತರಿಸಿದ ಕಾಲುಗಳನ್ನೂ ತೋರಿಸಿದಳು. ಒಬ್ಬನ ಆರೋಗ್ಯ ಅವನೊಬ್ಬನ ಕೈಯಲ್ಲಿಲ್ಲ, ಹತ್ತು ವರ್ಷ, ಇಪ್ಪತ್ತು ವರ್ಷ ಚೆನ್ನಾಗಿರಬೇಕೆಂದರೆ ಇಡೀ ಊರೇ ಚೆನ್ನಾಗಿರಬೇಕು ಎಂದಳು. ಯಜಮಾನರು ಕಣ್ಣೊರೆಸಿಕೊಂಡರು. ಮಾತು ಎಷ್ಟು ಹಿಡಿಸಿತೆಂದರೆ, ಅದನ್ನೇ ಐದು ಜನ ಎದ್ದು ನಿಂತು, ಕೋಲೂರಿ, ಹೆಗಲ ಮೇಲೆ ಚಾಮರ ಹಾಕಿಕೊಂಡು, ಇನ್ನೂ ಚೆನ್ನಾಗಿ ಹೇಳಿದರು. ಕಟ್ಟಪ್ಪಣೆಯಾಯಿತು: ಇಂದಿನಿಂದ ಪಾದ್ರಿಗೆ ಮೀನು, ಸೊಪ್ಪು, ಒಂದು ಗೆಡ್ಡೆ. ಮೀರಿದವರಿಗೆ ದಂಡ. ದಂಡ ಏನಪ್ಪಾ ಎಂದರೆ, ಒಂದು ದೊಡ್ಡ ಹಂದಿ. ಅದನ್ನು ಸುಟ್ಟು ಸಭೆಗೆ ಕೊಡಬೇಕು. ಲುಪೆಸೀನಾ ಹಣೆ ಒತ್ತಿಕೊಂಡಳು. ಯಜಮಾನರಿಗೆ ಯಾರಾದರೂ ಮೀರಲಿ ಎಂಬ ಆಸೆ ಆಗಲೇ ಹುಟ್ಟಿತ್ತು.

ಮೊದಲ ದಿನ ಮೀನು, ಸೊಪ್ಪು, ಗೆಡ್ಡೆ ಬಂತು. ಎರಡನೆಯ ಮನೆಯವರು ಅದೇ ಅಳತೆ ತಂದರೆ ಸರಿಸಮ ಎಂದಂತಾಗುತ್ತದಲ್ಲ, ಎರಡು ಮೀನು ತಂದರು. ಮೂರನೆಯವರು ಹೇಳಿದ್ದು ಮೀನು, ಇಂಥದೇ ಮೀನು ಎಂದಿಲ್ಲ ಎಂದು ಇಬ್ಬರು ಹೊರುವಂಥ ಟ್ಯೂನಾ ತಂದರು. ನಾಲ್ಕನೆಯದು ಸೀನೇವಾಳ ಮನೆಯ ಸರದಿ.

ಸೀನೇವಾ ಊರಿನ ಹೆಂಗಸರ ಸಂಘದ ಮುಖ್ಯಸ್ಥೆ. ವೈಫಾಲೆಯ ಮನೆತನದ ಮೇಲೆ ಅವಳಿಗೆ ಹುಟ್ಟಿದಾಗಿನಿಂದ ಪೈಪೋಟಿ. ವೈಫಾಲೆ ಅಂಗಳದಲ್ಲಿ ಚಾಪೆ ಹೊದ್ದು ಕೂತು ಊರೆಲ್ಲ ಹೆಸರಾದದ್ದು ಅವಳ ಕರುಳು ಕೊರೆಯುತ್ತಿತ್ತು. ಅವಳು ತಂದ ಸೊಪ್ಪು ತೆಂಗಿನಹಾಲಿನಲ್ಲಿ ತೇಲುತ್ತಿತ್ತು. ಅಂಗಳದಲ್ಲೇ ಕಾದಿದ್ದ ಲುಪೆಸೀನಾ ತಡೆದಳು.

"ಇದೇನು ಸೀನೇವಾ?"

"ಸೊಪ್ಪು ಕಣೆ. ನೀನೇ ಹೇಳಿದ್ಯಲ್ಲ."

"ತೆಂಗಿನಹಾಲು ಯಾಕೆ?"

"ಸೊಪ್ಪು ಒಂದೇ ಇದ್ರೆ ಅದಕ್ಕೆ ಬೇಜಾರಾಗಲ್ವಾ?"

"ಈ ಎಲೆ ಕೆಳಗೆ ಏನಿದು? ಹಂದಿ!"

"ಅದು ಅಯ್ಯನೋರಿಗಲ್ಲ. ಅಮ್ಮಾವ್ರಿಗೆ."

ರಾಸೇಲಾ ಒಣಗಿದ ತೆಂಗಿನ ಗರಿಯಂಥ ಹೆಂಗಸು. ಹಕ್ಕಿಯಷ್ಟು ತಿನ್ನುವವಳು. ಅವತ್ತಿನಿಂದ ಅವಳ ಹೆಸರಿನಲ್ಲಿ ಬಂದ ಹಂದಿಗಳನ್ನು ಅವಳೇ ತಿಂದಿದ್ದರೆ ಈಗ ಚರ್ಚಿನ ಬಾಗಿಲನ್ನು ಅಗಲ ಮಾಡಿಸಬೇಕಾಗುತ್ತಿತ್ತು. ಹೆಂಡತಿಯ ತಟ್ಟೆಯಿಂದ ಗಂಡ ಒಂದು ಚೂರು ಮುರಿದರೆ ಅದು ದಾಂಪತ್ಯ, ಅಪ್ಪಣೆ ಮೀರಿದಂತಲ್ಲ ಎಂದು ಸಭೆ ತೀರ್ಮಾನಿಸಿತು. ಪಾದ್ರಿಯ ದಾಂಪತ್ಯ ದಿನೇ ದಿನೇ ಗಟ್ಟಿಯಾಯಿತು. ಹುಣ್ಣು ದಿನೇ ದಿನೇ ಅಗಲವಾಯಿತು.

ಆಗ ಲುಪೆಸೀನಾ ಕೊನೆಯ ಬಾಣ ಹೂಡಿದಳು. ಹುಟ್ಟೂರಿನ ಪದ್ಧತಿ ಅವಳಿಗೂ ಗೊತ್ತಿತ್ತು. ಊಟದ ಹೊತ್ತಿಗೆ ಅತಿಥಿ ಬಂದರೆ ಒಳ್ಳೆಯ ತುಂಡು ಅತಿಥಿಗೆ. ತನ್ನ ಪಾಲನ್ನು ಅತಿಥಿಯ ಮುಂದೆ ಸರಿಸಿದ ಪಾದ್ರಿಯನ್ನು ಯಾರೂ ಅನ್ನುವಂತಿಲ್ಲ. ಅಡುಗೆಯವರಿಗೂ ಅದು ಡಬಲ್ ಮರ್ಯಾದೆ. ಅವತ್ತಿನಿಂದ ಸಂಜೆ ಶಂಖ ಊದಿ, ಮನೆ ಮನೆಯಲ್ಲೂ ಪ್ರಾರ್ಥನೆ ಮುಗಿಯುವುದೇ ತಡ, ಡಾಕ್ಟರಮ್ಮ ಪಾದ್ರಿಯ ಚಾಪೆಯ ಮೇಲೆ ಹಾಜರು.

"ತಗೊಳ್ಳಿ ಡಾಕ್ಟ್ರಮ್ಮ, ನೀವು ಅತಿಥಿಗಳು," ಎನ್ನುವರು ಪಾದ್ರಿ, ಹಂದಿಯ ತಟ್ಟೆ ಸರಿಸುತ್ತ. ಸರಿಸುವ ಕೈ ತಟ್ಟೆಯ ಜೊತೆ ಸ್ವಲ್ಪ ದೂರ ಹೋಗಿ ಒಲ್ಲದ ಮನಸ್ಸಿನಿಂದ ಹಿಂದೆ ಬರುತ್ತಿತ್ತು.

"ಕೊಡಿ," ಎನ್ನುವಳು ಲುಪೆಸೀನಾ, ಹುತಾತ್ಮಳ ಮುಖ ಮಾಡಿಕೊಂಡು.

ಬೀಸಣಿಗೆಯವರು ನೋಡುತ್ತಿದ್ದರು. ಅವಳು ತಿನ್ನಬೇಕಾಯಿತು. ಹಂದಿಯ ಚರ್ಮ, ಟರ್ಕಿ ಕೋಳಿಯ ಬಾಲ, ತೆಂಗಿನಹಾಲಿನ ಸೊಪ್ಪು, ಅಪ್ಪನ ಕಾಲದ ಬನ್ನು, ಮೇಲೆ ಕೋಕೋ. ಪಾದ್ರಿ ಎದುರಿಗೆ ಕೂತು ಮೀನಿನ ಮುಳ್ಳು ಬಿಡಿಸುತ್ತ, ಅವಳ ಒಂದೊಂದು ತುತ್ತನ್ನೂ ಗಂಟಲವರೆಗೆ ಕಣ್ಣಿನಲ್ಲೇ ಕಳಿಸಿಕೊಡುತ್ತಿದ್ದರು.

"ಕಿವಿ ಗರಿಗರಿಯಾಗಿದೆಯಾ?"

"ಸುಮ್ನೆ ಸೊಪ್ಪು ತಿನ್ನಿ."

"ಕೇಳಿದೆ ಅಷ್ಟೆ. ಕೇಳಿದ್ರೆ ಸಕ್ಕರೆ ಏರುತ್ತಾ?"

ಇನ್ನು ಊರಿನ ಕಡೆ ನೋಡಿದರೆ, ಆಕ್ಲೆಂಡ್ ಕಂಡು ಬಂದ ಡಾಕ್ಟರು ದಿನಾ ನಮ್ಮ ಅಡುಗೆ ತಿನ್ನುತ್ತಾಳೆಂದರೆ ಸಾಮಾನ್ಯವೇ? ಪಾದ್ರಿಗೆ ಮಾಡುತ್ತಿದ್ದುದಕ್ಕೆ ಡಾಕ್ಟರದ್ದು ಸೇರಿತು. ದವಾಖಾನೆಯ ಸಾಲಿನಲ್ಲಿ ಈಗ ಅಣ್ಣತಮ್ಮಂದಿರ ಜಗಳ ನಿಂತು, ಯಾರ ಮನೆಯದನ್ನು ಡಾಕ್ಟರಮ್ಮ ಎರಡನೆಯ ಸಲ ಹಾಕಿಸಿಕೊಂಡಳು ಎಂಬ ಚರ್ಚೆ ಶುರುವಾಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮೂರಲ್ಲಿ ಊಟವನ್ನೂ ಮಾತನ್ನೂ ಎಲ್ಲರೂ ಬಲ್ಲರು. ರೋಗಕ್ಕೂ ಜಗಳಕ್ಕೂ ಹಾಗಾದರೆ ಹೊರಗಿನಿಂದ ಜನ ಬಂದಿದ್ದರೇನೋ.

ಪಾದ್ರಿಯ ಮುಖ ಇಳಿಯಿತು, ಲುಂಗಿ ಸಡಿಲವಾಯಿತು, ಹುಣ್ಣಿನ ಅಂಚು ಕೆಂಪಾಗಿ, ಆಮೇಲೆ ಗುಲಾಬಿಯಾಗಿ, ಒಳಕ್ಕೆ ಸರಿಯತೊಡಗಿತು. ಲುಪೆಸೀನಾಳ ಬಿಳಿ ಕೋಟಿನ ಗುಂಡಿ ಹಾಕಲು ಬರದಾಯಿತು. ಕೊಬ್ಬು ಅವಳಿಗೆ ಮೊದಲೇ ಇತ್ತು, ನಾಲಗೆಯಲ್ಲಿ. ಈಗ ಅದು ಸೊಂಟಕ್ಕೂ ಇಳಿಯಿತು. ಏದುಸಿರು ಬಿಡುತ್ತ ದವಾಖಾನೆಯ ಮೆಟ್ಟಿಲು ಹತ್ತುವವಳನ್ನು ನೋಡಿ ವೈಫಾಲೆ ಸಂತೋಷಪಟ್ಟ.

"ಈಗ ನೋಡಮ್ಮ, ನೀನೂ ಇಡೀ ಮನುಷ್ಯಳಾದೆ."

ಬಿಳಿ ಭಾನುವಾರಕ್ಕೆ ಮುಂಚೆ ಇಬ್ಬರೂ ಹಡಗು ಹತ್ತಿದರು. ಪಾದ್ರಿ ಇಡೀ ದಾರಿ ಕೀರ್ತನೆ ಗುನುಗಿದರು. ಅದು ಮದುವೆಯದೋ ಸಾವಿನದೋ ಎಂದು ಪಕ್ಕದವರಿಗೆ ತಿಳಿಯಲಿಲ್ಲ. ಸರ್ಜನ್ ಕಟ್ಟು ಬಿಚ್ಚಿದ. ಹುಣ್ಣಿದ್ದ ಕಡೆ ಹೊಸ ಚರ್ಮ, ಮಗುವಿನ ಕೆನ್ನೆಯಂಥದ್ದು. ಬೆರಳಿನಿಂದ ಒತ್ತಿ ನೋಡಿದ. ರಕ್ತದ ವರದಿ ನೋಡಿದ.

"ಉಳೀತು," ಎಂದ. ಪಾದ್ರಿ ಅಲ್ಲೇ ಅತ್ತುಬಿಟ್ಟರು. "ಅಳೋಕೆ ಮುಂಚೆ ಇದನ್ನ ಕೇಳಿ. ಸಕ್ಕರೆ ಮತ್ತೆ ಮೇಲೆ ಹೋದ್ರೆ ಈ ಕಾಲು ಮತ್ತೆ ನನ್ನ ಹತ್ರಾನೇ ಬರುತ್ತೆ. ಎರಡನೇ ಸಲ ನಾನು ಕ್ಯಾಲೆಂಡರ್ ನೋಡಲ್ಲ." ಆಮೇಲೆ ಲುಪೆಸೀನಾಳ ಕಡೆ ತಿರುಗಿದ. "ಏನು ಮಾಡಿದ್ರಿ ಡಾಕ್ಟ್ರೇ? ನಾನು ಕಳಿಸಿದ ಮಾತ್ರೇನೇ ಕೊಟ್ರಾ?"

"ಮಾತ್ರೆ ಕೊಟ್ಟೆ. ಮತ್ತೆ... ಸಮಗ್ರವಾಗಿ ನೋಡ್ಕೊಂಡೆ."

"ಅಂದ್ರೆ?"

"ಅವ್ರ ಊಟ ನಾನು ತಿಂದೆ."

ಸರ್ಜನ್ ಅವಳ ಗುಂಡಿ ಹಾಕದ ಕೋಟನ್ನು ನೋಡಿದ, ಅವಳ ಕೈ ಎಳೆದು ಬೆರಳಿಗೆ ಸೂಜಿ ಚುಚ್ಚಿದ. ಯಂತ್ರ ತೋರಿಸಿದ ಅಂಕಿಯನ್ನು ಅವಳ ಮುಖಕ್ಕೇ ಹಿಡಿದ. ಅವಳಿಗೆ ಓದಿ ಹೇಳಬೇಕಾಗಿರಲಿಲ್ಲ.

"ನಿಮ್ಮ ಊರಿನ ಸಕ್ಕರೆ ಇಳಿದಿಲ್ಲ ಡಾಕ್ಟ್ರೇ. ಒಂದು ಕಾಲಿಂದ ಇಳಿದು ಇನ್ನೊಂದು ಕಾಲಿಗೆ ಹತ್ತಿದೆ. ಹೀಗೇ ತಿಂತಾ ಇದ್ರೆ ನಿಮ್ಮದನ್ನೂ ಕಡಿಯೋಕೆ ನನ್ನ ಹತ್ರ ಗರಗಸ ಇದೆ. ನೀವು ತಿನ್ನೋದು ನಿಲ್ಲಿಸಿದ್ರೆ, ಅವರದ್ದು. ಯಾರದ್ದು ಅಂತ ನೀವಿಬ್ಬರೂ ಹಡಗಲ್ಲಿ ಮಾತಾಡ್ಕೊಳ್ಳಿ."

ಹಡಗು ಹೊರಟಿತು. ಹಡಗಿನ ಕಟಕಟೆ ಹಿಡಿದು ಇಬ್ಬರೂ ನಿಂತಿದ್ದರು. ಪಾದ್ರಿಯೇ ಮಾತು ತೆಗೆದರು.

"ನೀವು ನಾಳೆಯಿಂದ ಬರ್ಬೇಡಿ ಡಾಕ್ಟ್ರಮ್ಮ."

"ಬರ್ದಿದ್ರೆ ನೀವು ಬೇಡ ಅಂತೀರಾ?"

ಪಾದ್ರಿ ಸಮುದ್ರ ನೋಡಿದರು. "ಇಲ್ಲ," ಎಂದರು. ಮೂವತ್ತು ವರ್ಷದ ಉಪದೇಶದಲ್ಲಿ ಅಷ್ಟು ನಿಜ ಅವರ ಬಾಯಿಂದ ಬಂದದ್ದು ಅದೇ ಮೊದಲು.

ತಿನ್ನುವುದನ್ನು ತಪ್ಪಿಸಲಾಗದಿದ್ದರೆ ತಿಂದದ್ದನ್ನು ಕರಗಿಸಬೇಕು, ದಿನಾ ಸಂಜೆ ಊಟಕ್ಕೆ ಮುಂಚೆ ನಡೆಯೋಣ ಎಂದು ಲುಪೆಸೀನಾ ನಿರ್ಧರಿಸಿದಳು. ನಡೆಯುವುದು ನಮ್ಮೂರಲ್ಲಿ ಸುಲಭವಲ್ಲ. ದಾರಿಯಲ್ಲಿ ಯಾರಾದರೂ ನಡೆಯುತ್ತಿದ್ದರೆ ಪಿಕಪ್ ನಿಲ್ಲಿಸಿ ಹತ್ತಿಸಿಕೊಳ್ಳದವನು ಮನುಷ್ಯನಲ್ಲ. ಪಾದ್ರಿ ನಡೆಯುತ್ತಿದ್ದರಂತೂ ಎದುರು ದಿಕ್ಕಿಗೆ ಹೋಗುತ್ತಿದ್ದ ಬಸ್ಸೂ ತಿರುಗಿಸಿಕೊಂಡು ಬರುತ್ತದೆ. ಮೊದಲ ಸಂಜೆ ಇಬ್ಬರೂ ಬೇಲಿ ದಾಟುವಷ್ಟರಲ್ಲಿ ವೈಫಾಲೆಯ ಮಗ ಬ್ರೇಕು ಹಾಕಿದ.

"ಎಲ್ಲಿಗೆ ಅಯ್ಯನೋರೆ? ಹತ್ತಿ."

"ಎಲ್ಲಿಗೂ ಇಲ್ಲಪ್ಪ, ಸುಮ್ನೆ ನಡೀತಿದೀವಿ."

"ಸುಮ್ನೇನಾ? ಗಾಡಿ ಇರೋವಾಗ? ನಮ್ಮಪ್ಪ ಕೇಳಿದ್ರೆ ನನ್ನ ಚರ್ಮ ಸುಲಿತಾನೆ. ಹತ್ತಿ!"

ಹತ್ತಿದರು. ಅವನ ಮನೆಯಲ್ಲಿ ಇಳಿದರು. ಕೋಕೋ ಕುಡಿದರು.

ಮರುದಿನ ಸಂಜೆ ಲುಪೆಸೀನಾ ಪಾದ್ರಿಗೆ ಮೆತ್ತನೆಯ ಚಪ್ಪಲಿ ಹಾಕಿಸಿ ಚರ್ಚಿನೊಳಕ್ಕೆ ಕರೆದೊಯ್ದಳು. ನಮ್ಮಲ್ಲಿ ಮನೆಗಳಿಗೆ ಗೋಡೆ ಇರುವುದಿಲ್ಲ, ಚರ್ಚಿಗೆ ಮಾತ್ರ ಕೋಟೆಯಷ್ಟು ಗೋಡೆ. ಊರಿಗೆ ಮೀರಿದ ದೊಡ್ಡ ಕಟ್ಟಡ, ಪಕ್ಕದ ಊರಿನದಕ್ಕಿಂತ ಕಾಲು ಭಾಗ ಉದ್ದ. ಒಳಗೆ ನುಣ್ಣನೆಯ ತಂಪು ನೆಲ, ಬೆಂಚುಗಳ ನಡುವೆ ನೀಳವಾದ ಹಾದಿ. ಒಳಕ್ಕೆ ಪಿಕಪ್ ಬರುವಂತಿಲ್ಲ. ಒಳಗೆ ತಿನ್ನುವಂತೆಯೂ ಇಲ್ಲ, ಹಾಗೆಂದು ಪಾದ್ರಿಯೇ ಭಾನುವಾರಗಳಲ್ಲಿ ಮಕ್ಕಳನ್ನು ಗದರಿದ್ದರು. ಇಬ್ಬರೂ ಬಾಗಿಲಿಂದ ಬಲಿಪೀಠಕ್ಕೆ, ಬಲಿಪೀಠದಿಂದ ಬಾಗಿಲಿಗೆ ನಡೆದರು. ಪಾದ್ರಿಗೆ ಮೊದಲೆರಡು ದಿನ ದೇವರ ಕಡೆ ಬೆನ್ನು ಮಾಡಿ ಹಿಂತಿರುಗಲು ಸಂಕೋಚವಾಯಿತು. ಅದಕ್ಕೆಂದೇ ಒಂದು ಸಣ್ಣ ನಮಸ್ಕಾರ ಹೊಂದಿಸಿಕೊಂಡರು.

ಊರು ಕಿಟಕಿಗಳಿಂದ ಇಣುಕಿತು. ಯಾವುದೋ ಹೊಸ ಪ್ರಾರ್ಥನೆ ಎಂದುಕೊಂಡಿತು. ವೈಫಾಲೆಯ ಮನೆಯವರು ಹೊಸದೆಲ್ಲ ತಮ್ಮಿಂದ ಶುರುವಾಗಬೇಕೆಂದು ಮೊದಲು ಸೇರಿಕೊಂಡರು, ವೈಫಾಲೆಯೇ ಮುಂದೆ, ಕಂಬದಿಂದ ಬೆನ್ನು ಬಿಡಿಸಿಕೊಂಡು. ಬಲಿಪೀಠ ಮುಟ್ಟಿ ಹಿಂದೆ ಬರುವಷ್ಟರಲ್ಲಿ ಎರಡು ಬೆಂಚುಗಳ ಮೇಲೆ ಕೂತೆದ್ದಿದ್ದ. ಲುಪೆಸೀನಾ ಗೋಡೆಗೆ ಒರಗಿ ನೋಡುತ್ತಿದ್ದಳು. ಇದೂ ತನ್ನ ಪದ್ಧತಿಯ ಗೆಲುವೇ ಎಂದು ಅವಳಿಗೆ ಅನಿಸಿದ್ದು ಮುಖದಲ್ಲಿ ಕಾಣುತ್ತಿತ್ತು. ಆದರೆ ಈ ಸಲ ಬಾಯಿ ಬಿಟ್ಟು ಹೇಳುವಷ್ಟು ಉಸಿರು ಅವಳಲ್ಲಿರಲಿಲ್ಲ.

ಸೀನೇವಾ ನಡೆಯಲಿಲ್ಲ. ವೈಫಾಲೆಯ ಹಿಂದೆ ನಡೆಯುವುದುಂಟೇ? ಅವಳಿಗೆ ಗೊತ್ತಿದ್ದ ಮರ್ಯಾದೆ ಒಂದೇ. ವಾರದ ಕೊನೆಯ ಸಂಜೆ ಅವಳು ಚರ್ಚಿನ ಹೊರಗಿನ ಮೆಟ್ಟಿಲಿಗೆ ಬಂದು ಕೂತಳು. ಮಡಿಲಲ್ಲಿ ಬಾಳೆಲೆ ಮುಚ್ಚಿದ ತಟ್ಟೆ, ಕೈಯಲ್ಲಿ ಬೀಸಣಿಗೆ. ಬೇಯಿಸಿದ ಬನ್ನಿನ ಪರಿಮಳ ಬಾಗಿಲಿಂದ ನೇರವಾಗಿ ಒಳಗೆ ನಡೆದು ಬಂತು, ಅದನ್ನು ಯಾವ ಪಾದ್ರಿಯೂ ಗದರಿರಲಿಲ್ಲ. ಬಾಗಿಲವರೆಗೆ ಬಂದ ಪಾದ್ರಿಯ ಕಾಲು ಅಲ್ಲೇ ನಿಂತಿತು.

"ಬನ್ನಿ ಅಯ್ಯನೋರೆ," ಸೀನೇವಾ ಎಲೆ ಎತ್ತಿದಳು. "ನಡೆದು ನಡೆದು ಸುಸ್ತಾಗಿರ್ತೀರಿ. ನೀನೂ ಬಾರೆ ಲುಪೆ, ನಿಮ್ಮಪ್ಪನ ಹದದಲ್ಲೇ ಮಾಡಿದೀನಿ. ಬಿಸಿ ಆರೋದ್ರೊಳಗೆ ಬನ್ನಿ."

ಲುಪೆಸೀನಾ ಆಗಲೇ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದಳು. ಪಾದ್ರಿ ತಟ್ಟೆ ನೋಡಿದರು. ತಮ್ಮ ಹೊಸ ಚರ್ಮದ ಕಾಲು ನೋಡಿದರು. ಹೊಸಿಲು ದಾಟಿದರೆ ಬೇಡ ಎನ್ನಲು ಅವರಿಂದಾಗದು. ಅದು ಸೀನೇವಾಳಿಗೂ ಗೊತ್ತಿತ್ತು, ಅದಕ್ಕೇ ಅವಳು ಅಷ್ಟು ನಿಶ್ಚಿಂತೆಯಿಂದ ಬೀಸಣಿಗೆ ಆಡಿಸುತ್ತಿದ್ದಳು.

"ಬಂದೆ ಸೀನೇವಾ," ಎಂದರು ಪಾದ್ರಿ ಬಹಳ ಪ್ರೀತಿಯಿಂದ. "ಇನ್ನೊಂದು ಸುತ್ತು ಬಾಕಿ ಇದೆ," ಎಂದವರೇ ಡಾಕ್ಟರಮ್ಮನ ತೋಳು ಹಿಡಿದು ಬಲಿಪೀಠದ ಕಡೆ ತಿರುಗಿಸಿದರು.

"ಎಷ್ಟು ಸುತ್ತು ಪಾದ್ರಿಗಳೇ?" ಲುಪೆಸೀನಾ ಏದುಸಿರಿನಲ್ಲೇ ಕೇಳಿದಳು.

"ಅವಳು ಎದ್ದು ಹೋಗೋ ತನಕ."

"ಅವಳು ಹೋಗಲ್ಲ. ನನಗೆ ಅವಳು ಚಿಕ್ಕಂದಿನಿಂದ ಗೊತ್ತು."

"ಹಾಗಾದ್ರೆ ನಡೀರಿ."